ಸಹಿ ಇದ್ದರೆ ಸಾಕಾ, ಡಾಕ್ಟ್ರೇ?

ಪ್ರಶ್ನೆ: ಸರ್, ನಾನು ಎಂಡಿ ಮುಗಿಸಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಶುರು ಮಾಡಿದ್ದೇನೆ. ರೋಗಿ ಅಡ್ಮಿಟ್ ಆದ ಕೂಡಲೇ ಎಲ್ಲ ಫಾರ್ಮ್‌ಗಳಿಗೂ ಸಹಿ ತೆಗೆದುಕೊಳ್ಳುತ್ತೇವೆ. ಆದರೂ ಯಾರಾದರೂ ಕೇಸ್ ಹಾಕಿಬಿಟ್ಟರೆ ಅನ್ನುವ ಭಯ ಹೋಗಿಲ್ಲ. ಸಹಿ ಇದ್ದರೆ ಸಾಕಲ್ವಾ? ಇನ್ನೇನು ಮಾಡಬೇಕು?

ಉತ್ತರ: ಸಾಕಾಗುವುದಿಲ್ಲ. ಸಹಿ ಬೇಕೇ ಬೇಕು, ಅದು ಬೇರೆ ಮಾತು. ಆದರೆ ನೀವು ಬರೆದಿರುವ ‘ಅಡ್ಮಿಟ್ ಆದ ಕೂಡಲೇ ಎಲ್ಲ ಫಾರ್ಮ್‌ಗಳಿಗೂ’ ಅನ್ನುವ ಸಾಲು ಓದಿಯೇ ನನಗೆ ಹೆದರಿಕೆಯಾಯಿತು.

ಒಂದು ದಿನ ನಿಮ್ಮದೇ ಕೌಂಟರ್ ಪಕ್ಕ ಸುಮ್ನೆ ನಿಂತು ನೋಡಿ. ಕಟ್ಟಡದ ಕೆಲಸಕ್ಕೆ ಕಲಬುರಗಿಯಿಂದ ಬಂದವನು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮುದುರಿ ಕೂತಿರುತ್ತಾನೆ. ಹೆಂಡತಿ ಸೆರಗಿನ ಗಂಟು ಬಿಚ್ಚಿ ಡಿಪಾಸಿಟ್ ಎಣಿಸುತ್ತಿರುತ್ತಾಳೆ. ಕೌಂಟರಿನ ಹುಡುಗಿ ‘ಇಥೇ ಸಹೀ ಕರಾ’ (ಇಲ್ಲಿ ಸಹಿ ಮಾಡಿ) ಅಂತ ಮರಾಠಿಯಲ್ಲಿ ಹೇಳಿ ಇಂಗ್ಲಿಷ್ ಫಾರ್ಮ್ ಮುಂದೆ ತಳ್ಳುತ್ತಾಳೆ. ನಾಲ್ಕು ಕಡೆ ಹೆಬ್ಬೆಟ್ಟು ಬೀಳುತ್ತದೆ. ಆ ಹೆಬ್ಬೆಟ್ಟು ಯಾವುದಕ್ಕೆ ಒಪ್ಪಿಗೆ? ಅವನಿಗೂ ಗೊತ್ತಿಲ್ಲ. ಏನು ಕಾಯಿಲೆ ಅಂತ ನೀವೇ ಇನ್ನೂ ಪತ್ತೆ ಮಾಡಿಲ್ಲವಾದ್ದರಿಂದ ನಿಮಗೂ ಗೊತ್ತಿಲ್ಲ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದನ್ನು ಪ್ರತಿಯೊಬ್ಬ ಡಾಕ್ಟರೂ ಓದಬೇಕು. 44 ವರ್ಷದ ಮಹಿಳೆ. ತೊಂದರೆ ಏನೆಂದು ನೋಡುವುದಕ್ಕೆ ಲ್ಯಾಪರೋಸ್ಕೋಪಿ (ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವುದು) ಅಂತ ಹೇಳಿ ಅರಿವಳಿಕೆ ಕೊಟ್ಟರು. ಅವರು ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ರೋಗಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು ಅಂತ ಡಾಕ್ಟರ್ ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ. ಪ್ರಾಪ್ತ ವಯಸ್ಸಿನ, ತಾನೇ ಯೋಚಿಸಿ ಹೇಳಬಲ್ಲ ರೋಗಿಯ ಪರವಾಗಿ ತಾಯಿ ಒಪ್ಪಿದರೂ ನಡೆಯುವುದಿಲ್ಲ. ಜೀವಕ್ಕೇ ಅಪಾಯವಿದ್ದು ಕಾಯುವಂತಿಲ್ಲ ಅನ್ನುವಾಗ ಮಾತ್ರ ವಿನಾಯಿತಿ. ಡಾಕ್ಟರಿಗೆ ಫೀಸೂ ಇಲ್ಲ, ಮೇಲೆ 25,000 ರೂಪಾಯಿ ಪರಿಹಾರವನ್ನೂ ಕೊಡಬೇಕಾಯಿತು. ಮೊತ್ತ ಸಣ್ಣದು. ಆದರೆ ಇಲ್ಲಿ ಕಾಗದದ ಮೇಲೆ ಸಹಿ ಇತ್ತು, ಗಮನಿಸಿ.

ಹಾಗಾದರೆ ಏನು ಹೇಳಬೇಕು? ಆ ತೀರ್ಪಿನಲ್ಲೇ ಇದೆ. ಏನು ಮಾಡುತ್ತೇವೆ, ಯಾಕೆ, ಅದರಿಂದ ಏನು ಲಾಭ, ಬೇರೆ ದಾರಿ ಇದೆಯಾ, ದೊಡ್ಡ ಅಪಾಯಗಳು ಯಾವುವು, ಬೇಡ ಅಂದರೆ ಏನಾಗುತ್ತದೆ. ಸಾವಿರದಲ್ಲಿ ಒಬ್ಬರಿಗೆ ಆಗುವುದನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ. ಐದು ನಿಮಿಷದ ಮಾತು. ಆದರೆ ಅವನ ಭಾಷೆಯಲ್ಲಿ. ಮೈ ಸರಿಯಿಲ್ಲ ಅನ್ನುವುದಕ್ಕೆ ‘ಜೀವಕ್ಕ ಸಮಾಧಾನ ಇಲ್ರಿ’ ಅನ್ನುವವನ ಹತ್ತಿರ ನನ್ನ ಉಡುಪಿ ಕನ್ನಡವೇ ಎಷ್ಟೋ ಸಲ ಕೆಲಸಕ್ಕೆ ಬರುತ್ತಿರಲಿಲ್ಲ, ಇನ್ನು ಇಂಗ್ಲಿಷ್ ಎಲ್ಲಿಂದ? ಹೇಳಿ ಮುಗಿಸಿದ ಮೇಲೆ ‘ಈಗ ನೀವು ಮನೆಯವರಿಗೆ ಹೇಗೆ ಹೇಳುತ್ತೀರಿ, ಹೇಳಿ ನೋಡೋಣ’ ಅಂತ ಕೇಳಿ. ಅವನು ಏನು ತಿಳಿದುಕೊಂಡಿದ್ದಾನೆ ಅಂತ ಆಗ ಗೊತ್ತಾಗುತ್ತದೆ. ಒಮ್ಮೆ ನಾನು ಹರ್ನಿಯಾ ಬಗ್ಗೆ ಹತ್ತು ನಿಮಿಷ ವಿವರಿಸಿದೆ. ಕೇಳಿಸಿಕೊಂಡ ಹೋಟೆಲ್ ಹುಡುಗ ‘ಕಿಡ್ನಿ ತೆಗೀತಾರಂತೆ’ ಅಂತ ಊರಿಗೆ ಫೋನ್ ಮಾಡಿದ್ದ!

ಮಾತಿಗೆ ಟೈಮ್ ಎಲ್ಲಿದೆ ಅಂತ ನೀವು ಕೇಳಬಹುದು. 1997ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯಾವತ್ತೂ ಕೇಸ್ ಎದುರಿಸದ ಫ್ಯಾಮಿಲಿ ಡಾಕ್ಟರುಗಳನ್ನೂ ಕೇಸ್ ಎದುರಿಸಿದವರನ್ನೂ ಹೋಲಿಸಿದ್ದರು. ಮೊದಲಿನವರು ಒಬ್ಬ ರೋಗಿಗೆ ಸರಾಸರಿ 18.3 ನಿಮಿಷ ಕೊಡುತ್ತಿದ್ದರು, ಎರಡನೆಯವರು 15. ಮೂರೇ ನಿಮಿಷ ಜಾಸ್ತಿ. ಅವರು ಮುಂದೇನು ಮಾಡುತ್ತೇನೆ ಅಂತ ಮೊದಲೇ ಹೇಳುತ್ತಿದ್ದರು, ಜಾಸ್ತಿ ನಗುತ್ತಿದ್ದರು. ಸರ್ಜನ್‌ಗಳಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ಯಾಕೋ, ಸರ್ಜನ್ ಗೆಳೆಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈಗ ಬರೆಯುವ ವಿಷಯ. ಇದರಲ್ಲಿ ನಾನೇ ಎಡವಿದ್ದೇನೆ.

ಮುಂಬೈಯ ಘಾಟ್ಕೋಪರಿನಲ್ಲಿ ಕ್ಲಿನಿಕ್ ಇಟ್ಟ ಹೊಸದು. ಒಬ್ಬರಿಗೆ ಇಂಜೆಕ್ಷನ್ ಕೊಟ್ಟೆ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಇಂಥ ಅಲರ್ಜಿಗೆ ತುರ್ತಾಗಿ ಕೊಡುವ ಅಡ್ರಿನಲಿನ್ ಕೊಟ್ಟು, ಟ್ಯಾಕ್ಸಿಯಲ್ಲಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಬದುಕಿದರು. ತಿಂಗಳ ಮೇಲೆ ವಕೀಲರ ನೋಟಿಸ್ ಬಂತು: ಅಲರ್ಜಿ ಇದೆಯಾ ಅಂತ ಡಾಕ್ಟರ್ ಕೇಳಲೇ ಇಲ್ಲ. ಕೇಳಿದ್ದೆ! ಅವರು ಇಲ್ಲ ಅಂದದ್ದೂ ನೆನಪಿತ್ತು. ಕೇಸ್ ಪೇಪರ್ ತೆಗೆದು ನೋಡಿದರೆ ಆ ಸಾಲೇ ಇಲ್ಲ. ಆ ರಾತ್ರಿ ಪೆನ್ ಹಿಡಿದು ಕೂತೆ. ಒಂದು ಸಾಲು ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ? ನನ್ನ ಕಂಪೌಂಡರ್, ಕುಂದಾಪುರದವರು, ವಯಸ್ಸಿನಲ್ಲಿ ನನ್ನ ತಂದೆಯ ಹಾಗೆ, ‘ಡಾಕ್ಟ್ರೇ, ಶಾಯಿ ಬೇರೆ ಕಾಣ್ತದೆ, ಬೇಡ’ ಅಂದರು. ಪೆನ್ ಕೆಳಗಿಟ್ಟೆ. ಮೂರು ವರ್ಷ ಓಡಾಡಿದೆ. ಕೊನೆಗೆ ದೂರು ವಜಾ ಆಯಿತು. ಕಾರಣ, ಕೊಟ್ಟ ಔಷಧಿ, ಡೋಸ್, ಅಡ್ರಿನಲಿನ್ ಕೊಟ್ಟ ಸಮಯ ಎಲ್ಲ ಅದೇ ಕಾಗದದಲ್ಲಿ ಇತ್ತು. ಸಾಲು ಸೇರಿಸಿದ್ದರೆ ಆ ಕಾಗದವನ್ನೇ ಯಾರೂ ನಂಬುತ್ತಿರಲಿಲ್ಲ.

ಆಮೇಲಿಂದ ‘ಅಲರ್ಜಿ: ಕೇಳಿದೆ, ಇಲ್ಲ’ ಅಂತ ಬರೆಯದೆ ಸಿರಿಂಜ್ ಮುಟ್ಟಲಿಲ್ಲ. ತಪ್ಪು ಬರೆದರೆ ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದುವ ಹಾಗಿರಲಿ, ಪಕ್ಕದಲ್ಲಿ ತಾರೀಖು, ಸಹಿ. ರೋಗಿ ಏನನ್ನಾದರೂ ಬೇಡ ಅಂದರೆ ಅದನ್ನೂ ಬರೆಯಿರಿ. ‘ಅಡ್ಮಿಟ್ ಆಗಿ ಅಂದೆ, ಒಪ್ಪಲಿಲ್ಲ, ಅಪಾಯ ತಿಳಿಸಿದೆ’ ಅನ್ನುವ ಒಂದು ಸಾಲು ಆಮೇಲೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನಿಮಗೆ ಈಗ ಗೊತ್ತಾಗುವುದಿಲ್ಲ. 2002ರ ವೈದ್ಯ ನೀತಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಕೊಡದೆ ಸತಾಯಿಸಿದರೆ, ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಬರುವುದು ಸಹಜ ತಾನೇ?

ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಇದಕ್ಕೆ ನಮ್ಮ ಪಕ್ಕದ ಪುಣೆಯದೇ ಹಳೆಯ ಕಥೆ. 1953ರಲ್ಲಿ ರತ್ನಾಗಿರಿ ಕಡೆಯ ಪಾಲಶೇತ್ ಕಡಲತೀರದಲ್ಲಿ ಒಬ್ಬ ಹುಡುಗ ತೊಡೆಮೂಳೆ ಮುರಿದುಕೊಂಡ. ಟ್ಯಾಕ್ಸಿಯಲ್ಲಿ ಪುಣೆಯ ಸರ್ಜನ್ ಒಬ್ಬರ ಆಸ್ಪತ್ರೆಗೆ ತಂದರು. ಸರಿಯಾದ ಅರಿವಳಿಕೆ ಇಲ್ಲದೆ ಕಾಲೆಳೆದು ಮೂಳೆ ಕೂರಿಸಿದರು ಅನ್ನುವುದು ತಂದೆಯ ದೂರು. ಹುಡುಗ ಉಳಿಯಲಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟ್ ಡಾಕ್ಟರ್ ಹೊಣೆ ಅಂತ ಹೇಳುತ್ತಾ ಮೂರು ಕರ್ತವ್ಯ ಗುರುತಿಸಿತು. ಈ ರೋಗಿಯನ್ನು ತೆಗೆದುಕೊಳ್ಳಬೇಕಾ, ಯಾವ ಚಿಕಿತ್ಸೆ ಕೊಡಬೇಕು, ಅದನ್ನು ಹೇಗೆ ಕೊಡಬೇಕು. ಮೂರರಲ್ಲೂ ಎಚ್ಚರ ಬೇಕು. ಹತ್ತು ಹಾಸಿಗೆ ಇರುವ ನಿಮಗೆ ಮೊದಲನೆಯದೇ ಕಷ್ಟ. ಬೆಡ್ ಖಾಲಿ ಇದೆ, ಬ್ಯಾಂಕಿನ ಕಂತು ಇದೆ, ಐಸಿಯು ಇಲ್ಲ. ಆಗ ‘ನಮ್ಮಲ್ಲಿ ಆಗುವುದಿಲ್ಲ, ಮುಂದೆ ಕರಕೊಂಡು ಹೋಗಿ’ ಅನ್ನುವುದಕ್ಕೆ ಗಟ್ಟಿತನ ಬೇಕು. ಆದರೆ ಲೋಕಲ್ ರೈಲಿನಿಂದ ಬಿದ್ದವನನ್ನು ಬಾಗಿಲಿನಿಂದಲೇ ಸಾಗಹಾಕುವ ಹಾಗಿಲ್ಲ. ಮೊದಲು ಜೀವ ಉಳಿಸುವ ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ರಾತ್ರಿ ಆರ್‌ಎಂಓ, ಅಂದರೆ ಆಸ್ಪತ್ರೆಯಲ್ಲೇ ಇರುವ ಡ್ಯೂಟಿ ಡಾಕ್ಟರ್, ಯಾರು? ಕೇಳುತ್ತಿರುವುದಕ್ಕೆ ಕಾರಣವಿದೆ. ಮುಂಬೈಯಲ್ಲಿ ಒಬ್ಬ ಹೋಮಿಯೋಪಥಿ ವೈದ್ಯರು ಜ್ವರಕ್ಕೆ ಅಲೋಪಥಿ ಔಷಧಿ ಕೊಟ್ಟರು, ರೋಗಿ ತೀರಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್, ತನಗೆ ಅರ್ಹತೆಯಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಅಂತ ಹೇಳಿ 3 ಲಕ್ಷ ಪರಿಹಾರ ಕೊಡಿಸಿತು. ನಿಮ್ಮ ಆರ್‌ಎಂಓ ಅರ್ಹತೆ, ನೋಂದಣಿ ಎರಡನ್ನೂ ಫೈಲಿನಲ್ಲಿಡಿ.

ಇನ್ನು ಫೋನು. ರಾತ್ರಿ ಹನ್ನೊಂದಕ್ಕೆ ಸಿಸ್ಟರ್ ಫೋನ್ ಮಾಡುತ್ತಾರೆ, ನೀವು ಮಲಗಿದಲ್ಲಿಂದಲೇ ಇಂಜೆಕ್ಷನ್ ಹೇಳುತ್ತೀರಿ. ಎಲ್ಲರೂ ಮಾಡಿದ್ದೇವೆ, ನಾನೂ ಮಾಡಿದ್ದೇನೆ. 2018ರಲ್ಲಿ ರತ್ನಾಗಿರಿಯ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹೆರಿಗೆಯಾದ ಹೆಂಗಸನ್ನು ಮತ್ತೆ ಸೇರಿಸಿಕೊಂಡು ಡಾಕ್ಟರ್ ಖುದ್ದು ನೋಡದೆ ಫೋನಿನಲ್ಲೇ ಔಷಧಿ ಹೇಳಿದ್ದರು. ಆಕೆ ಬದುಕಲಿಲ್ಲ. ಡಾಕ್ಟರುಗಳಿಗೆ ನಿರೀಕ್ಷಣಾ ಜಾಮೀನು ಸಿಗಲಿಲ್ಲ. 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದೆ, ನಿಜ. ಆದರೆ ಅದು ಕೂಡ ದಾಖಲೆ ಇಡಿ ಅನ್ನುತ್ತದೆ. ಅಡ್ಮಿಟ್ ಆದ ರೋಗಿಯನ್ನು ಎದ್ದು ಹೋಗಿ ನೋಡಿ.

‘ಕಟ್’, ಅಂದರೆ ರೋಗಿಯನ್ನು ಕಳಿಸಿದ್ದಕ್ಕೆ ಸಿಗುವ ಕಮಿಷನ್, ಆ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡೊಂಬಿವಲಿಯಲ್ಲಿ ಈಗಾಗಲೇ ಯಾರೋ ಕವರ್ ಹಿಡಿದು ಬಂದಿರುತ್ತಾರೆ. ರೆಫರಲ್ ಕಮಿಷನ್ 2002ರ ನಿಯಮಗಳಲ್ಲೇ ನಿಷಿದ್ಧ. ಆದರೆ ನನ್ನ ಆಕ್ಷೇಪ ನಿಯಮದ್ದಲ್ಲ. ಕಟ್ ತೆಗೆದುಕೊಂಡು ಬರೆದ ಎಂಆರ್‌ಐ ನಿಜವಾಗಿಯೂ ಬೇಕಿತ್ತು ಅಂದುಕೊಳ್ಳೋಣ. ಕೋರ್ಟಿನಲ್ಲಿ ಅದನ್ನು ಯಾರಿಗೆ ನಂಬಿಸುತ್ತೀರಿ? ಕೇಸಿನ ಭಯಕ್ಕೆ ಎಲ್ಲರಿಗೂ ಎಲ್ಲ ಟೆಸ್ಟ್ ಬರೆಯುವವರದೂ ಇದೇ ಪಾಡು. ಹತ್ತು ರಿಪೋರ್ಟ್ ಬಂದು ಒಂದನ್ನು ನೋಡದೆ ಬಿಟ್ಟರೆ, ಆ ಒಂದೇ ನಿಮ್ಮ ವಿರುದ್ಧ ಸಾಕ್ಷಿ.

ಕಾನೂನಿನ ಭಯದ ಬಗ್ಗೆ ಚಿಕ್ಕದಾಗಿ. ರೋಗಿ ಗುಣವಾಗಲಿಲ್ಲ ಅನ್ನುವುದಷ್ಟೇ ನಿರ್ಲಕ್ಷ್ಯವಲ್ಲ. ಸುಪ್ರೀಂ ಕೋರ್ಟಿನ 1995ರ ತೀರ್ಪಿನ ನಂತರ ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ. ದೂರು ಕೊಡುವುದಕ್ಕೆ ಸಾಮಾನ್ಯವಾಗಿ 2 ವರ್ಷದ ಗಡುವು. ಕ್ರಿಮಿನಲ್ ಕೇಸಿಗೆ ಮಾತ್ರ ಘೋರ ನಿರ್ಲಕ್ಷ್ಯ ಬೇಕು, ಮೊದಲು ಬೇರೆ ಡಾಕ್ಟರ ಸ್ವತಂತ್ರ ಅಭಿಪ್ರಾಯ ಬೇಕು, ದೂರು ಬಂತು ಅಂತ ಸುಮ್ನೆ ಬಂಧಿಸುವಂತಿಲ್ಲ. ಇದು 2005ರ ಜೇಕಬ್ ಮ್ಯಾಥ್ಯೂ ತೀರ್ಪು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ರೋಗಿ ಸತ್ತರೆ, ನೋಂದಾಯಿತ ವೈದ್ಯರಿಗೆ ಗರಿಷ್ಠ 2 ವರ್ಷ ಶಿಕ್ಷೆ, ಜೊತೆಗೆ ದಂಡ.

ಇಂಡೆಮ್ನಿಟಿ ಪಾಲಿಸಿ (ಇಂಥ ಕೇಸಿನ ಪರಿಹಾರಕ್ಕೆ ಡಾಕ್ಟರು ಮಾಡಿಸುವ ವಿಮೆ) ಇಲ್ಲದಿದ್ದರೆ ಈ ವಾರವೇ ಮಾಡಿಸಿ. ಸ್ಟಾಫ್ ಅದರಲ್ಲಿ ಸೇರಿದ್ದಾರಾ ನೋಡಿ. ನೋಟಿಸ್ ಬಂದರೆ ಸಿಟ್ಟಿನಲ್ಲಿ ನೀವೇ ಉತ್ತರ ಬರೆಯಬೇಡಿ. ವಿಮಾ ಕಂಪನಿಗೂ ವಕೀಲರಿಗೂ ಅದೇ ದಿನ ತಿಳಿಸಿ, ಮೂಲ ದಾಖಲೆಯನ್ನು ಬೀಗ ಹಾಕಿ ಇಡಿ. ಕೆಟ್ಟದ್ದು ಆದ ದಿನ ಮನೆಯವರ ಎದುರು ನೀವೇ ಕೂತು ಹೇಳಿ, ಆರ್‌ಎಂಓನನ್ನು ಕಳಿಸಬೇಡಿ.

ನಾನು ಬಳಸುತ್ತಿದ್ದ ಕನ್ನಡ ಫಾರ್ಮ್ ಇನ್ನೂ ಕಪಾಟಿನಲ್ಲಿದೆ. ಬೇಕಿದ್ದರೆ ಕಳಿಸುತ್ತೇನೆ. ಆದರೆ ಮೊದಲು ನಿಮ್ಮಲ್ಲಿ ಕೆಲಸಕ್ಕಿರುವ ಕಲಬುರಗಿ, ವಿಜಯಪುರದ ಕಡೆಯವರಿಗೆ ಓದಿ ಹೇಳಿ ನೋಡಿ. ಅವರು ತಲೆ ಕೆರೆದುಕೊಂಡ ಸಾಲನ್ನೆಲ್ಲ ಬದಲಾಯಿಸಿ.