ಕೋಳಿಯ ಮೈ ಯಾವಾಗಲೂ ಬಿಸಿಯೇ

"ಡಾಕ್ಟ್ರೇ, ಕೋಳಿಗೆ ಸುಡುವ ಜ್ವರ ಉಂಟು. ಅರ್ಧ ಪ್ಯಾರಾಸಿಟಮಾಲ್ ಕೊಟ್ಟೆ, ಇಳಿಯಲಿಲ್ಲ."

ಕುಂಬಳೆಯಿಂದ ಬದಿಯಡ್ಕದವರೆಗೆ, ಹಿತ್ತಿಲಲ್ಲಿ ನಾಲ್ಕು ಹೇಂಟೆ ಸಾಕುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಇವತ್ತು ಇದೊಂದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಆರೋಗ್ಯವಾಗಿರುವ ಕೋಳಿಯದ್ದು 41ರ ಆಸುಪಾಸು. ಥರ್ಮಾಮೀಟರಿನ ಹಳೆಯ ಲೆಕ್ಕದಲ್ಲಿ 106 ಡಿಗ್ರಿ. ನಮಗೆ ಅಷ್ಟು ಬಂದರೆ ಆಸ್ಪತ್ರೆಗೆ ಓಡುತ್ತೇವೆ. ಕೋಳಿ ಅದೇ ಬಿಸಿಯಲ್ಲಿ ಮೇಯುತ್ತದೆ, ಮೊಟ್ಟೆ ಇಡುತ್ತದೆ, ಮಲಗುತ್ತದೆ. ರೆಕ್ಕೆಯ ಕೆಳಗೆ ಕೈ ಇಟ್ಟರೆ ಯಾವ ಕೋಳಿಯಾದರೂ ಬಿಸಿಯೇ. ಕೈಯಿಂದ ಮುಟ್ಟಿ ಜ್ವರ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಇನ್ನೂ ಒಂದು ಉಂಟು. ತೀರಾ ಸೋತ ಕೋಳಿಯ ಮೈ ಹೆಚ್ಚಾಗಿ ತಣ್ಣಗಾಗುತ್ತಾ ಬರುತ್ತದೆ. ಜ್ವರ ಇಳಿಯಿತು ಎಂದು ನೀವು ಸಮಾಧಾನ ಪಡುವ ಹೊತ್ತಿಗೆ ಅದು ಕೈತಪ್ಪಿ ಹೋಗುತ್ತಿರುತ್ತದೆ.

ಹಕ್ಕಿಜ್ವರ ಎಂಬ ಹೆಸರೂ ದಾರಿ ತಪ್ಪಿಸುತ್ತದೆಯೋ ಏನೋ. 2014ರಲ್ಲಿ ಆಲಪ್ಪುಳ ಕಡೆ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂತಲ್ವಾ, ಅಂಥ ಸುದ್ದಿ ಬಂದಾಗಲೆಲ್ಲ ಜನ ಕೋಳಿಯನ್ನು ಹಿಡಿದು ಮೈ ಮುಟ್ಟುತ್ತಾರೆ.

ಒಮ್ಮೆ ಪೆರ್ಲದ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದರು. ಮೂರು ದಿನದಿಂದ ಜ್ವರದ ಮಾತ್ರೆ ಕೊಡುತ್ತಿದ್ದರು. "ಆ ಕೋಳಿಯ ಜೊತೆ ಚೆನ್ನಾಗಿರುವ ಇನ್ನೊಂದನ್ನೂ ತನ್ನಿ ಅಕ್ಕಾ" ಎಂದೆ. ಬುಟ್ಟಿಯಲ್ಲಿ ಎರಡೂ ಬಂದವು. ಕಣ್ಣು ಮುಚ್ಚಿ ಎರಡನ್ನೂ ಮುಟ್ಟಿ, ಜ್ವರ ಯಾವುದಕ್ಕೆ ಹೇಳಿ ಎಂದೆ. ಅವರು ತೋರಿಸಿದ್ದು ಚೆನ್ನಾಗಿರುವ ಕೋಳಿಯನ್ನು! ಕಾಯಿಲೆಯ ಕೋಳಿಯ ಕುತ್ತಿಗೆಯ ಬುಡದ ಮೇವಿನ ಚೀಲ ಕಲ್ಲಿನ ಹಾಗೆ ಇತ್ತು. ಕೊಯ್ದು ನೋಡಿದರೆ ಒಣಹುಲ್ಲಿನ ಜೊತೆ ಗೋಣಿಯ ಪ್ಲಾಸ್ಟಿಕ್ ನೂಲು ಉಂಡೆಯಾಗಿ ಕೂತಿತ್ತು. ಆ ಕೋಳಿ ಬದುಕಿತು. ಆದರೆ ಮೂರು ದಿನ ಸುಮ್ನೆ ಉಪವಾಸ ಬಿದ್ದಿತ್ತು ಎಂಬುದು ನನಗೆ ಈಗಲೂ ಸಂಕಟ.

ಹಾಗಾಗಿ ಮುಟ್ಟುವುದಾದರೆ ಆ ಚೀಲವನ್ನು ಮುಟ್ಟಿ. ಸಂಜೆ ಗೂಡಿಗೆ ಹೋಗುವಾಗ ಅದು ತುಂಬಿರಬೇಕು, ಬೆಳಿಗ್ಗೆ ಬಾಗಿಲು ತೆಗೆಯುವಾಗ ಖಾಲಿ ಇರಬೇಕು. ಬೆಳಿಗ್ಗೆಯೂ ಗಟ್ಟಿ ಇದ್ದರೆ ಅಥವಾ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದರೆ ತೊಂದರೆ ಉಂಟು. ಸಂಜೆ ಖಾಲಿ ಇದ್ದರೆ ಅದು ಮೇಯುತ್ತಿಲ್ಲ. ಮೇಯುವವರ ನಡುವೆ ನಿಂತು ಕೊಕ್ಕು ನೆಲಕ್ಕೆ ತಾಗಿಸುತ್ತದೆ ಅಷ್ಟೇ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಅಡಗಿಸುತ್ತದೆ. ಸೋತದ್ದು ಕಂಡರೆ ಉಳಿದವು ಕುಕ್ಕುತ್ತವೆ, ಮೇಲಿನಿಂದ ಗಿಡುಗವೂ ನೋಡುತ್ತದೆ. ಎದೆಯ ಮೂಳೆಯನ್ನೂ ತಡವಿ ನೋಡಿ. ಅದು ಕತ್ತಿಯ ಅಲಗಿನ ಹಾಗೆ ಎದ್ದಿದ್ದರೆ ಕಾಯಿಲೆ ನಿನ್ನೆ ಮೊನ್ನೆಯದ್ದಲ್ಲ.

ಜುಟ್ಟು ಬಿಳಿಚಿದ್ದು ಮಾತ್ರ ನೋಡಿ ಗಾಬರಿ ಬೇಡ. ಕಾವಿಗೆ ಕೂತ ಹೇಂಟೆಯದ್ದೂ, ಗರಿ ಉದುರಿಸುವ ಹೇಂಟೆಯದ್ದೂ ಬಿಳಿಚುತ್ತದೆ. ಕಾವಿನ ಹೇಂಟೆ ಕೈ ಹಾಕಿದರೆ ಗುರ್ ಎಂದು ಕುಕ್ಕಲು ಬರುತ್ತದೆ. ಕಾಯಿಲೆಯದ್ದಕ್ಕೆ ಅಷ್ಟು ರೋಷ ಇರುವುದಿಲ್ಲ. ಜುಟ್ಟು ನೀಲಿಯಾದರೆ, ಬಾಯಿ ತೆರೆದು ಗೊರಗೊರ ಉಸಿರಾಡಿದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಬಾಲ ಇಳಿಸಿ ನೆಟ್ಟಗೆ ನಿಂತು ಮುಕ್ಕಿದರೆ ಅದೇ ದಿನ ತೋರಿಸಿ. ಕೊನೆಯದ್ದು ಮೊಟ್ಟೆ ಒಳಗೆ ಸಿಕ್ಕಿಕೊಂಡದ್ದಿರಬಹುದು.

ಅಷ್ಟರವರೆಗೆ ಅದನ್ನು ಬೇರೆ ಇಡಿ. ಒಣ ಜಾಗ, ಕುಡಿಯಲು ನೀರು, ಜೂನ್-ಜುಲೈಯ ಮಳೆಯಲ್ಲಾದರೆ ಮೇಲೊಂದು ಬಲ್ಬ್. ಮೈ ಬಿಸಿ ಎಂದು ತಣ್ಣೀರು ಹೊಯ್ಯಬೇಡಿ, ಹಾಗೆ ಮಾಡಿದವರನ್ನೂ ಕಂಡಿದ್ದೇನೆ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಖಂಡಿತ ಬೇಡ. ಅದರ ಅಂಶ ಮೊಟ್ಟೆಗೂ ಬರುತ್ತದೆ. ಆ ಮೊಟ್ಟೆ ತಿನ್ನುವುದು ನಿಮ್ಮ ಮಕ್ಕಳು. ಕೋಳಿಯನ್ನು ನೋಡದೆ ನಾನೂ ಇಲ್ಲಿ ಔಷಧಿಯ ಹೆಸರು ಬರೆಯಲಾರೆ.

ಬರುವಾಗ ಆ ದಿನದ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿ ತನ್ನಿ. ಒಂದು ಕೋಳಿ ಸತ್ತರೂ ನಾಚಿಕೆ ಪಡದೆ ಅದೇ ದಿನ ತನ್ನಿ. ಕೊಯ್ದು ನೋಡಿದರೆ ಉಳಿದವುಗಳಿಗೆ ಏನು ಮಾಡಬೇಕೆಂದು ಎಷ್ಟೋ ಸಲ ಗೊತ್ತಾಗುತ್ತದೆ. ಆದರೆ ಎರಡು ಮೂರು ಒಟ್ಟಿಗೆ ಸತ್ತರೆ ಹೊತ್ತು ತರಬೇಡಿ, ತೋಡಿಗೆ ಎಸೆಯಬೇಡಿ, ಸಾರು ಮಾಡಬೇಡಿ. ಕೋಳಿಗಳಲ್ಲಿ ಬೇಗ ಹರಡುವ ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿಜ್ವರವೋ ದೂರದಿಂದ ಹೇಳಲಾಗದು. ಫೋನ್ ಮಾಡಿ, ನಾವೇ ಬರುತ್ತೇವೆ.