ಹೊಸ ಕಂಪೈಲರ್, ಹಳೆಯ ಡಿಬಗ್ಗರ್: ಮೊದಲು ಏನು ನೋಡಬೇಕು?

“ಸರ್, ಸಾಲಿನ ನಂಬರ್ ಕೊಟ್ರ ಬ್ರೇಕ್‌ಪಾಯಿಂಟ್ ತಗೊಳವಲ್ದು. ಮೊನ್ನಿತನಾ ಬರೋಬರಿ ಇತ್ತು.” ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರಗಳ ಕಂಟ್ರೋಲರ್‌ಗೆ ಪ್ರೋಗ್ರಾಂ ಬರೆಯುವ ಹುಡುಗರಿಂದ ಈ ಮಾತು ಆಗಾಗ ಕೇಳುತ್ತೇನೆ. ಬ್ರೇಕ್‌ಪಾಯಿಂಟ್ ಎಂದರೆ ತಪ್ಪು ಹುಡುಕುವ ಸಾಧನವಾದ ಡಿಬಗ್ಗರ್‌ಗೆ ‘ಪ್ರೋಗ್ರಾಂ ಇಲ್ಲಿ ನಿಲ್ಲಿಸು’ ಎಂದು ಹಾಕುವ ಗುರುತು. ಕೋಡ್ ತೆಗೆದು ನೋಡುವ ಮೊದಲು ನಾನು ಕೇಳುವುದು ಒಂದೇ: ಕಂಪೈಲರ್ ಬದಲಿಸಿದಿರೇನು?

ಕೋಡ್‌ನ ಯಾವ ಸಾಲು ಮೆಮೊರಿಯ ಯಾವ ವಿಳಾಸಕ್ಕೆ ಹೋಯಿತು, ಯಾವ ವೇರಿಯೇಬಲ್ ಪ್ರೊಸೆಸರ್‌ನ ಯಾವ ರಿಜಿಸ್ಟರ್‌ನಲ್ಲಿದೆ ಎಂಬುದನ್ನು, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಡಿಬಗ್ಗರ್‌ಗಾಗಿ ಡ್ವಾರ್ಫ್ ಎಂಬ ನಮೂನೆಯಲ್ಲಿ ಬರೆದಿಡುತ್ತದೆ. ಅದರ 5ನೇ ಆವೃತ್ತಿ 2017ರಲ್ಲಿ ಬಂತು. 2021ರ ಜಿಸಿಸಿ 11 ಎಂಬ ಕಂಪೈಲರ್‌ನಿಂದ ಲಿನಕ್ಸ್‌ನಲ್ಲಿ ನಾವು ಕೇಳದಿದ್ದರೂ ಅದೇ ಆವೃತ್ತಿ ಬರುತ್ತದೆ. ಅದನ್ನು ಓದಲು ಡಿಬಗ್ಗರ್ ಆದ ಜಿಡಿಬಿ 8.0 ಅಥವಾ ಅದಕ್ಕಿಂತ ಹೊಸದು ಬೇಕು. ಸೆಂಟ್‌ಓಎಸ್ 7 ಎಂಬ ಹಳೆಯ ಲಿನಕ್ಸ್ ಜೊತೆ ಬಂದ ಜಿಡಿಬಿ 7.6 ಅಂತೂ 4ರವರೆಗೆ ಮಾತ್ರ ಓದುತ್ತದೆ. ‘ರಾಂಗ್ ವರ್ಷನ್ ಇನ್ ಕಂಪೈಲೇಶನ್ ಯೂನಿಟ್ ಹೆಡರ್’ ಎಂದು ಹೇಳಿ, 5 ಇದೆ, 2, 3 ಅಥವಾ 4 ಇರಬೇಕಿತ್ತು ಎಂದು ಪಕ್ಕದಲ್ಲೇ ತಿಳಿಸುತ್ತದೆ. ಇಷ್ಟು ಸ್ಪಷ್ಟವಾದ ಸಾಲನ್ನು ಓದದೆ ಕೋಡ್‌ನಲ್ಲಿ ತಪ್ಪು ಹುಡುಕುತ್ತ ದಿನಗಟ್ಟಲೆ ಕೂರುವವರನ್ನು ಕಂಡರೆ ಸಂಕಟವಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು, ಕಂಪೈಲ್ ಆದ ಫೈಲ್‌ನ ಒಳಗನ್ನು ತೋರಿಸುವ ರೀಡ್‌ಎಲ್ಫ್ ಎಂಬ ಉಪಕರಣದಿಂದ ಡಿಬಗ್ ಮಾಹಿತಿ ತೆಗೆದು, ಪ್ರತಿ ಕಂಪೈಲೇಶನ್ ಯೂನಿಟ್‌ನ (ಒಂದು ಸಲಕ್ಕೆ ಕಂಪೈಲ್ ಆದ ಸೋರ್ಸ್ ಫೈಲ್‌ನ) ‘ವರ್ಷನ್’ ಸಾಲು ನೋಡಿ. 5 ಇದ್ದರೆ ‘-ಜಿಡ್ವಾರ್ಫ್-4’ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಫೈಲ್ ಸ್ವಲ್ಪ ದೊಡ್ಡದಾಗಬಹುದು, ಪ್ರೋಗ್ರಾಂ ನಡೆಯುವ ರೀತಿ ಬದಲಾಗದು. ಆದರೆ ಮೊದಲೇ ಕಂಪೈಲ್ ಆಗಿ ನಿಮ್ಮ ಪ್ರೋಗ್ರಾಂ ಒಳಗೇ ಸೇರುವ ಸ್ಟ್ಯಾಟಿಕ್ ಲೈಬ್ರರಿಗಳನ್ನು ಮರೆಯಬೇಡಿ. ನಿಮ್ಮ ಕೋಡೆಲ್ಲ 4ರಲ್ಲಿದ್ದು, ಒಳಗೆ ಸೇರಿದ ಒಂದು ಲೈಬ್ರರಿ 5ರಲ್ಲಿ ಉಳಿದರೂ ಅದೇ ಎರರ್ ಮತ್ತೆ ಬರುತ್ತದೆ.

ವೇರಿಯೇಬಲ್‌ನ ಬೆಲೆ ಕೇಳಿದಾಗ ‘ಆಪ್ಟಿಮೈಸ್ಡ್ ಔಟ್’ ಎಂದು ಬಂದರೆ ಅದು ಬೇರೆಯದೇ ವಿಷಯ, ಕೋಡ್ ಚುರುಕುಗೊಳಿಸುವಾಗ ಕಂಪೈಲರ್ ಅದನ್ನು ತೆಗೆದಿರುತ್ತದೆ. ಅದಕ್ಕೆ ಡಿಬಗ್ ಮಾಡಲು ಅನುಕೂಲವಾದ ‘-ಓಜಿ’ ಆಯ್ಕೆ ಹಾಕಿ ನೋಡಿ.

ನನ್ನ ಕೇಳಿದರೆ, 4ಕ್ಕೆ ಇಳಿಯುವುದು ಇವತ್ತಿನ ಕೆಲಸ ನಡೆಸಲು ಮಾತ್ರ. ಹೊಸ ಜಿಡಿಬಿಯನ್ನು ಸೋರ್ಸ್‌ನಿಂದ ಕಟ್ಟಿ ಸ್ವಂತ ಹೋಮ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಬಹುದು, ರೂಟ್ (ಅಡ್ಮಿನ್) ಪಾಸ್‌ವರ್ಡ್ ಬೇಕಿಲ್ಲ. ಲಿನಕ್ಸ್ ಇರುವ ಕಂಟ್ರೋಲರ್ ಬೋರ್ಡ್‌ನಲ್ಲಿ ಜಿಡಿಬಿಗೆ ದೂರದಿಂದ ನೆರವಾಗುವ ಹಳೆಯ ಜಿಡಿಬಿಸರ್ವರ್ ಇದ್ದರೆ ಸಾಮಾನ್ಯವಾಗಿ ಅದನ್ನು ಮುಟ್ಟುವುದೂ ಬೇಡ. ಮೆಮೊರಿ, ರಿಜಿಸ್ಟರ್ ಓದಿ ಕೊಡುವುದು, ಹೇಳಿದಲ್ಲಿ ನಿಲ್ಲಿಸುವುದು ಅದರ ಕೆಲಸ. ಡ್ವಾರ್ಫ್ ಓದುವುದು ನಿಮ್ಮ ಟೇಬಲ್ ಮೇಲಿನ ಕಂಪ್ಯೂಟರ್‌ನ ಜಿಡಿಬಿ. ಆ ಬೋರ್ಡ್‌ನ ಪ್ರೊಸೆಸರ್‌ಗೆ ಹೊಂದುವ ಹೊಸ ಜಿಡಿಬಿ ಟೇಬಲ್ ಮೇಲೆ ಬಂದರೆ ಸಾಕು, ಯಂತ್ರ ಬಂದ್ ಮಾಡಿ ಬೋರ್ಡ್ ಬಿಚ್ಚುವ ಪ್ರಸಂಗ ಬರುವುದಿಲ್ಲ.