ಆಕ್ಸಿಜನ್ ಸೆನ್ಸಾರ್ ನಿಧಾನ ಅಂದ ತಕ್ಷಣ ಬಿಚ್ಚಬೇಡಿ

ಚೆಕ್ ಲೈಟ್ ಹತ್ತಿದೆ. ಸ್ಕ್ಯಾನರ್ ಹಾಕಿದರೆ ಪಿ0133 ಅಂತ ಬರುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದೆ ಇರುವ ಆಕ್ಸಿಜನ್ ಸೆನ್ಸಾರ್ ತಡವಾಗಿ ಉತ್ತರ ಕೊಡುತ್ತಿದೆ ಅಂತ ಅದರ ಅರ್ಥ. ನಮ್ಮ ಬಳ್ಳಾರಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಮದ್ದು ಒಂದೇ, ಹೊಸ ಸೆನ್ಸಾರ್. ಕೆಲವು ಸಲ ಸರಿಹೋಗುತ್ತದೆ. ಎಷ್ಟೋ ಸಲ ಲೈಟ್ ವಾಪಸ್ ಬರುತ್ತದೆ, ದುಡ್ಡು ಮಾತ್ರ ವಾಪಸ್ ಬರುವುದಿಲ್ಲ. ಉತ್ತರ ತಡವಾಯಿತು ಅಂತ ಕೋಡ್ ಹೇಳುತ್ತದೆಯೇ ಹೊರತು, ತಡ ಮಾಡಿದ್ದು ಯಾರು ಅಂತ ಹೇಳುವುದಿಲ್ಲ.

ಸೆನ್ಸಾರ್ ಮಾಡುವ ಕೆಲಸ ಸರಳ. ಹೊಗೆಯಲ್ಲಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಜೊತೆ ಹೋಲಿಸಿ ವೋಲ್ಟೇಜ್ ಕೊಡುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿಯಾದರೆ ಸುಮಾರು 0.1. ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿ ಸೇರಿದಾಗ ಅದು ನಡುವಿನ 0.45ರ ಆಸುಪಾಸು ದಾಟುತ್ತದೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇದನ್ನು ನೋಡುತ್ತಾ ಒಮ್ಮೆ ಪೆಟ್ರೋಲ್ ಕಡಿಮೆ ಮಾಡುತ್ತದೆ, ಒಮ್ಮೆ ಹೆಚ್ಚಿಸುತ್ತದೆ. ಹಾಗಾಗಿ ಬಿಸಿಯಾದ ಇಂಜಿನ್‌ನಲ್ಲಿ ಈ ವೋಲ್ಟೇಜ್ ಮೇಲೆ ಕೆಳಗೆ ಕುಣಿಯುತ್ತಲೇ ಇರಬೇಕು. ಈ ಕುಣಿತ ಮಂದವಾದಾಗ ಬರುವುದೇ ಪಿ0133.

ಇಸಿಯು ಇದನ್ನು ಎಲ್ಲೆಂದರಲ್ಲಿ ಅಳೆಯುವುದಿಲ್ಲ. ಮೋತಿ ಸರ್ಕಲ್‌ನ ಟ್ರಾಫಿಕ್‌ನಲ್ಲಿ ಬ್ರೇಕು, ಕ್ಲಚ್ಚು ಅಂತ ಒದ್ದಾಡುವಾಗ ಅದು ಸುಮ್ನೆ ಇರುತ್ತದೆ. ಹೊಸಪೇಟೆ ರಸ್ತೆ ಹಿಡಿದು ಒಂದೇ ವೇಗದಲ್ಲಿ ಹೊರಟಾಗ ಲೆಕ್ಕ ಶುರು ಮಾಡುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಒಂದರ ಹಿಂದೆ ಒಂದು ಎರಡು ಓಟಗಳಲ್ಲಿ ತಪ್ಪು ಸಿಕ್ಕರೆ ಮಾತ್ರ ಲೈಟ್ ಹತ್ತುತ್ತದೆ. ಹೀಗಾಗಿ ಕೋಡ್ ಅಳಿಸಿ ಕೊಟ್ಟ ಗಾಡಿ ಊರೊಳಗೆ ನಾಲ್ಕು ದಿನ ಚೆನ್ನಾಗಿಯೇ ಓಡುತ್ತದೆ. ರಿಪೇರಿ ಆಯ್ತು ಅಂತ ಎಲ್ಲರೂ ಖುಷಿ ಪಡುತ್ತಾರೆ.

ಈ ಪರೀಕ್ಷೆಗೆ ಮಲ್ಟಿಮೀಟರ್ ನಂಬಬೇಡಿ. ಚುರುಕಾದ ಸೆನ್ಸಾರ್ ಇದ್ದರೂ, ಮಂದವಾದದ್ದು ಇದ್ದರೂ ಅದು ಸರಾಸರಿ ಹಿಡಿದು 0.4, 0.5 ಅಂತ ತೋರಿಸುತ್ತದೆ. ಇಲ್ಲಿ ಬೇಕಾಗಿರುವುದು ವೋಲ್ಟ್ ಎಷ್ಟು ಅನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಬದಲಾಯಿತು ಅನ್ನುವುದು. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಅದೇ ರಾಜ. ಇಲ್ಲದಿದ್ದರೆ ಸ್ಕ್ಯಾನರ್‌ನಲ್ಲಿ ಗ್ರಾಫ್ ಹಾಕಿ, ಆದರೆ ಆ ಒಂದೇ ಸೆನ್ಸಾರ್ ಆರಿಸಿಕೊಳ್ಳಿ. ಹತ್ತು ಸಾಲು ಒಟ್ಟಿಗೆ ತೆರೆದರೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸೆಕೆಂಡಿಗೆ ಒಂದು ಸಲ ಓದಿದರೆ ಹೆಚ್ಚು. ಆಗ ನಿಮಗೆ ಕಾಣುವುದು ಸ್ಕ್ಯಾನರ್‌ನ ನಿಧಾನ.

ಇನ್ನು ಪರೀಕ್ಷೆ. ಇಂಜಿನ್ ಪೂರ್ತಿ ಬಿಸಿಯಾಗಲಿ. 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿಯಿರಿ. ಆರೋಗ್ಯವಾಗಿದ್ದರೆ ಗೆರೆ ಹತ್ತು ಸೆಕೆಂಡಿನಲ್ಲಿ ಹಲವು ಸಲ ಮೇಲೆ ಕೆಳಗೆ ಹೋಗಬೇಕು. ಮಂಕಾಗಿ ಕಂಡರೂ ತೀರ್ಪು ಕೊಡಬೇಡಿ, ಅದನ್ನು ಬಲವಂತವಾಗಿ ಎಬ್ಬಿಸಿ. ಐಡ್ಲಿಂಗ್‌ನಲ್ಲಿ ಗಾಳಿ ಹೋಗುವ ದಾರಿಗೆ ಒಂದು ಚಿಟಿಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಅದು ಪೆಟ್ರೋಲ್ ಹಾಗೇ ಉರಿಯುತ್ತದೆ. ಗೆರೆ ತಟ್ಟನೆ 0.8ರ ಮೇಲೆ ಏರಬೇಕು. ಆಮೇಲೆ ಗಾಳಿ ಜಾಸ್ತಿಯಾಗಲಿ ಅಂತ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿ. 0.2ಕ್ಕಿಂತ ಕೆಳಗೆ ಬೀಳಬೇಕು. ಸ್ಕೋಪ್‌ನಲ್ಲಿ 0.3ರಿಂದ 0.6ಕ್ಕೆ ಜಿಗಿಯಲು ಸುಮಾರು 100 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಇಳಿಯುವ ದಾರಿಯನ್ನೂ ಬೇರೆಯಾಗಿ ನೋಡಿ. ಏರುವಾಗ ಚುರುಕಾಗಿದ್ದು ಇಳಿಯುವಾಗ ಎಳೆದಾಡುವ ಸೆನ್ಸಾರ್‌ಗಳೂ ಇರುತ್ತವೆ.

ಬಲವಂತ ಮಾಡಿದಾಗ ಸೆನ್ಸಾರ್ ಚಟ್ಟನೆ ಓಡಿತಾ? ಹಾಗಾದರೆ ಅದರ ತಪ್ಪಿಲ್ಲ. ಇಂಜೆಕ್ಟರ್, ಪೆಟ್ರೋಲ್ ಪ್ರೆಶರ್, ಗಾಳಿ ಸೋರಿಕೆ ಕಡೆ ಹೋಗಿ. ಎಲ್ಲಕ್ಕಿಂತ ಮೊದಲು ಇಂಜಿನ್‌ನಿಂದ ಹೊಗೆ ಹೊರಬರುವ ಕಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಸೆನ್ಸಾರ್‌ಗಿಂತ ಮುಂಚೆ ಸಣ್ಣ ಬಿರುಕಿದ್ದರೂ ಹೊಗೆ ಬಡಿತ ಬಡಿತವಾಗಿ ಹೋಗುವಾಗ ನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸಾರ್ ಆ ಗಾಳಿಯನ್ನೂ ಲೆಕ್ಕ ಹಿಡಿಯುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಟಕ್ ಟಕ್ ಶಬ್ದ ಬಂದು, ಬಿಸಿಯಾದ ಮೇಲೆ ನಿಂತರೆ ಅನುಮಾನ ಪಡಿ.

ಬಲವಂತ ಮಾಡಿದರೂ ತೂಕಡಿಸುತ್ತಿದೆಯಾ? ಆಗಲೂ ಮೊದಲು ಹೀಟರ್. ಈ ಸೆನ್ಸಾರ್ 300 ಡಿಗ್ರಿ ದಾಟದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೆ ಒಂದು ಹೀಟರ್ ಇಟ್ಟು ನಾಲ್ಕು ವೈರ್ ಕೊಟ್ಟಿರುತ್ತಾರೆ. ಐಡ್ಲಿಂಗ್‌ನಲ್ಲಿ ಮಂಕು, ಎಕ್ಸಲೇಟರ್ ಒತ್ತಿ ಹಿಡಿದರೆ ಚುರುಕು ಅಂತಾದರೆ ಹೀಟರ್ ಮೇಲೆಯೇ ಕಣ್ಣಿಡಿ. ಫ್ಯೂಸ್, ಕನೆಕ್ಟರ್‌ಗೆ ಬರುವ 12 ವೋಲ್ಟ್, ಹೀಟರ್‌ನ ರೆಸಿಸ್ಟೆನ್ಸ್ ಮೂರನ್ನೂ ನೋಡಿ. ಕೆಂಪು ದೂಳು ಮೆತ್ತಿದ ಗಾಡಿಗೆ ಕೆಳಗಿನಿಂದ ಪ್ರೆಶರ್ ನೀರು ಹೊಡೆಸುವುದು ನಮ್ಮಲ್ಲಿ ವಾಡಿಕೆ. ಸೀಲ್ ಹಳೆಯದಾಗಿದ್ದರೆ ಕನೆಕ್ಟರ್ ಒಳಗೆ ನೀರು ಸೇರಿ ಪಿನ್‌ಗಳು ಹಸಿರಾಗುತ್ತವೆ. ಹಾಗಂತ ಎಲ್ಲವನ್ನೂ ಗಣಿ ದೂಳಿನ ತಲೆಗೆ ಕಟ್ಟುವುದೂ ಸರಿಯಲ್ಲ. ಏರ್ ಫಿಲ್ಟರ್ ಸರಿಯಾಗಿದ್ದರೆ ಆ ದೂಳು ಸೆನ್ಸಾರ್ ತುದಿಯವರೆಗೆ ಬರುವುದೇ ಇಲ್ಲ.

ಈಗ ಸೆನ್ಸಾರ್ ಬಿಚ್ಚಬಹುದು. ಬಿಚ್ಚಿದ ಮೇಲೆ ತುದಿ ನೋಡದೆ ಬಿಸಾಕಬೇಡಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಉರಿಯುತ್ತಿದೆ. ಕಂದು ಪದರ ಇದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಪುಡಿ ಮೆತ್ತಿದ್ದರೆ ಕೂಲೆಂಟ್ ಅಥವಾ ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ ಈ ಪದರ ಹೊಗೆಯನ್ನು ತಡೆದು ತಡೆದು ಒಳಗೆ ಬಿಡುತ್ತದೆ. ವೈರ್ ಬ್ರಷ್ ಹಾಕಿ ಉಜ್ಜಿದರೆ ಪದರದ ಜೊತೆಗೆ ಸೆನ್ಸಾರೂ ಹೋಗುತ್ತದೆ.

ತೋರಣಗಲ್ಲು ಕಡೆ ಬಾಡಿಗೆ ಓಡುವ ಒಂದು ಕಾರು ಹೀಗೆ ಬಂದಿತ್ತು. "ಅಣ್ಣಾ, ಹೊಸಾದು ಹಾಕ್ಸಿ ಇನ್ನೂ ವರ್ಷ ಆಗಿಲ್ಲ, ಮತ್ತ ಅದೇ ಲೈಟು," ಅಂದ ಡ್ರೈವರ್. ತುದಿ ಬೆಳ್ಳಗಿತ್ತು. ರೇಡಿಯೇಟರ್‌ಗೆ ಏನು ಹಾಕ್ತೀಯಪ್ಪಾ ಅಂದರೆ, ಕಡಿಮೆಯಾದಾಗ ಬೋರ್ ನೀರು ಅಂದ. ಎಷ್ಟು ದಿನಕ್ಕೊಮ್ಮೆ ಅಂದರೆ, ಈಗೀಗ ವಾರಕ್ಕೊಂದ್ಸಲ ಅಂದ. ಹೊರಗೆ ಎಲ್ಲೂ ಸೋರಿಕೆ ಇಲ್ಲ. ಪ್ರೆಶರ್ ಹಾಕಿ ನೋಡಿದಾಗ ಒಂದು ಸಿಲಿಂಡರ್‌ನ ಪ್ಲಗ್ ತೂತಿನೊಳಗೆ ತೇವ ಕಂಡಿತು. ಗಡಸು ನೀರಿನ ಉಪ್ಪು ಕಟ್ಟಿ, ನಮ್ಮ ಬೇಸಿಗೆಯಲ್ಲಿ ಇಂಜಿನ್ ಕಾದು ಕಾದು, ನೀರು ಸಿಲಿಂಡರ್‌ಗೆ ಇಳಿಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಬಿಟ್ಟುಕೊಟ್ಟಿತ್ತು. ಅದನ್ನು ಮಾಡದೆ ಸೆನ್ಸಾರ್ ಹಾಕಿದ್ದರೆ ಮುಂದಿನದ್ದೂ ಬೆಳ್ಳಗಾಗುತ್ತಿತ್ತು. ಈ ನೀರು ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೂ ತಿನ್ನುತ್ತದೆ, ಅದರ ಬೆಲೆ ಮುಂದೆ ಸೆನ್ಸಾರ್ ಏನೂ ಅಲ್ಲ.

ಎಚ್ಚರ ಇರಬೇಕಾದ ಜಾಗ ಇನ್ನೆರಡಿವೆ. ಹಿಂದಿನ ಸೆನ್ಸಾರ್, ಅಂದರೆ ಕನ್ವರ್ಟರ್ ಆದ ಮೇಲೆ ಇರುವುದು, ಕುಣಿಯಬಾರದು. ಅಲ್ಲಿ 0.6, 0.7ರ ಹತ್ತಿರ ನೆಟ್ಟಗೆ ಗೆರೆ ಇದ್ದರೆ ಅದೇ ಆರೋಗ್ಯ. ಅದನ್ನು ನೋಡಿ ಸತ್ತಿದೆ ಅಂದವರಿದ್ದಾರೆ. ಮತ್ತೊಂದು, 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹಲವಕ್ಕೆ ಮುಂದೆ ವೈಡ್‌ಬ್ಯಾಂಡ್ ಸೆನ್ಸಾರ್ ಇದೆ. ಅದು 0.1ರಿಂದ 0.9ಕ್ಕೆ ಜಿಗಿಯುವ ಜಾತಿಯೇ ಅಲ್ಲ. ಅಲ್ಲಿ ಸ್ಕ್ಯಾನರ್‌ನ ಲ್ಯಾಂಬ್ಡಾ ಅಂಕಿ ನೋಡಬೇಕು. ಗಾಳಿ, ಪೆಟ್ರೋಲ್ ಸರಿ ಪಾಲಿನಲ್ಲಿದ್ದರೆ ಅದು 1, ಗಾಳಿ ಜಾಸ್ತಿಯಾದರೆ ಅದಕ್ಕಿಂತ ಮೇಲೆ. ಓಡುತ್ತಿರುವಾಗ ಎಕ್ಸಲೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಕಟ್ ಆಗುತ್ತದೆ. ಆಗ ಅಂಕಿ 1ರಿಂದ ಎಷ್ಟು ಬೇಗ ಮೇಲೆ ಹೋಗುತ್ತದೆ ಅನ್ನುವುದೇ ಪರೀಕ್ಷೆ. ಈಗ ಎಲ್ಲದಕ್ಕೂ ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಅನ್ನು ಬೈಯುವುದು ಅಭ್ಯಾಸವಾಗಿದೆ. ಎಥನಾಲ್ ಬೆರೆತರೆ ಇಸಿಯು ಸ್ವಲ್ಪ ಜಾಸ್ತಿ ಇಂಧನ ಕೊಡಬೇಕಾಗುತ್ತದೆ ನಿಜ. ಅದು ಫ್ಯೂಯೆಲ್ ಟ್ರಿಮ್‌ನಲ್ಲಿ, ಅಂದರೆ ಇಸಿಯು ಇಂಧನ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿಯಲ್ಲಿ ಕಾಣುತ್ತದೆ, ಸೆನ್ಸಾರ್‌ನ ವೇಗದಲ್ಲಿ ಅಲ್ಲ.

ಹೊಸದು ಹಾಕಲೇಬೇಕಾದರೆ ಆ ಮಾಡೆಲ್‌ನ ಕನೆಕ್ಟರ್ ಇರುವುದನ್ನೇ ತನ್ನಿ. ವೈರ್ ಕತ್ತರಿಸಿ ಬೆಸುಗೆ ಹಾಕಬೇಡಿ. ಎಷ್ಟೋ ಸೆನ್ಸಾರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ. ಗ್ರೀಸ್ ಬಳಿಯುವುದಾದರೆ ಸೆನ್ಸಾರ್‌ಗೆ ಅಂತಲೇ ಇರುವುದು, ಅದೂ ತಿರುಪಿನ ಥ್ರೆಡ್‌ಗೆ ಮಾತ್ರ, ತುದಿಗೆ ತಾಗಬಾರದು. ಆಮೇಲೆ ಕೋಡ್ ಅಳಿಸಿ, ತೋರಣಗಲ್ಲಿನವರೆಗೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ. ಸ್ಕ್ಯಾನರ್‌ನಲ್ಲಿ ಆಕ್ಸಿಜನ್ ಸೆನ್ಸಾರ್ ಮಾನಿಟರ್ ರೆಡಿ (ಇಸಿಯು ತನ್ನ ಪರೀಕ್ಷೆ ಮುಗಿಸಿದೆ) ಅಂತ ಬಂದು, ಲೈಟ್ ಹತ್ತುವ ಮುಂಚೆಯೇ ಕಾಣುವ ಪೆಂಡಿಂಗ್ ಕೋಡ್ ಇಲ್ಲದಿದ್ದರೆ ಕೀ ಕೊಡಿ.